ವಸಿ ಸುಧಾರಿಸ್ಕೊ

ಹೈದರಾಬಾದಿನಲ್ಲಿ ಹೊಸ ವರ್ಷಗಳಿಗೆ ಬರವಿಲ್ಲ. ಜನವರಿ ಒಂದಕ್ಕೆ ಹೈಟೆಕ್ ಸಿಟಿ ಕಡೆ ಮಧ್ಯರಾತ್ರಿ ಪಟಾಕಿ. ಚೈತ್ರಕ್ಕೆ ತೆಲುಗರ ಉಗಾದಿ. ಮೊಹರಂ ಬಂದರೆ ಹಿಜರಿ ವರ್ಷ ಸದ್ದಿಲ್ಲದೆ ಬದಲಾಗುತ್ತದೆ. ದೀಪಾವಳಿಗೆ ಬೇಗಂ ಬಜಾರಿನ ಮಾರ್ವಾಡಿ ಅಂಗಡಿಗಳಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ. ಇಷ್ಟೊಂದು ಸಲ ಹೊಸಬರಾಗಲು ಅವಕಾಶವಿದ್ದರೂ ನಾವೆಲ್ಲ ಹಳಬರಾಗಿಯೇ ಉಳಿದಿದ್ದೇವೆ ಎನ್ನುವುದು ಬೇರೆ ಮಾತು.

ಜನವರಿಯಲ್ಲಿ ಆಫೀಸಿಗೆ ಹೋದರೆ ಎಲ್ಲರದೂ ಒಂದೇ ಪ್ರಶ್ನೆ: ಈ ವರ್ಷ ಏನು ತೀರ್ಮಾನ? ಒಬ್ಬರು ಸಕ್ಕರೆ ಬಿಡುತ್ತಾರೆ, ಇನ್ನೊಬ್ಬರು ಐದಕ್ಕೆ ಏಳುತ್ತಾರೆ, ಮತ್ತೊಬ್ಬರು ಹೊಟ್ಟೆ ಕರಗಿಸುತ್ತಾರೆ. ಒಟ್ಟಿನಲ್ಲಿ ಎಲ್ಲರೂ ಸುಧಾರಿಸಬೇಕು. ಆದರೆ ನಮ್ಮ ಮಂಡ್ಯ ಸೀಮೆಯಲ್ಲಿ ಈ ಮಾತಿಗೆ ಇನ್ನೊಂದು ಅರ್ಥವಿದೆ. ಹೊರೆ ಹೊತ್ತು ಬಂದವನಿಗೆ, ಜ್ವರ ಬಿಟ್ಟವನಿಗೆ, ದೂರದಿಂದ ಬಸ್ಸಿಳಿದು ಬಂದವನಿಗೆ ಅಲ್ಲಿ ಹೇಳುವುದು, 'ವಸಿ ಸುಧಾರಿಸ್ಕೊ'. ಅಂದರೆ ಒಳ್ಳೆಯವನಾಗು ಅಂತಲ್ಲ. ಕೂತ್ಕೊ, ನೀರು ಕುಡಿ, ಉಸಿರು ತಗೊ, ಆಮೇಲೆ ಮಾತು.

ನಮ್ಮ ಯುಗಾದಿಯೂ ಹೀಗೇ. ಅದು ಯಾರಿಂದಲೂ ಪ್ರತಿಜ್ಞೆ ಕೇಳುವುದಿಲ್ಲ. ಮೈಗೆ ಹರಳೆಣ್ಣೆ ಹಚ್ಚಿ ನೀರು ಹುಯ್ಯುತ್ತಾರೆ, ಬೇವು ಬೆಲ್ಲ ಕೊಡುತ್ತಾರೆ, ಪಂಚಾಂಗ ಓದುತ್ತಾರೆ. ನಮ್ಮ ಪಾಲಿನ ಕೆಲಸ ನುಂಗುವುದು ಮತ್ತು ಕೇಳುವುದು. ಮಾರನೆಯ ದಿನ ಹೊಸತೊಡಕು. ಆ ದಿನ ಏನು ಮಾಡುತ್ತೇವೋ ಅದೇ ವರ್ಷವಿಡೀ ನಡೆಯುತ್ತದೆ ಎಂಬ ನಂಬಿಕೆಯಿಂದ ಊರಿನ ಗಂಡಸರು ಬಾಡೂಟ ಮುಗಿಸಿ ಅರಳೀಕಟ್ಟೆಯಲ್ಲಿ ಇಸ್ಪೀಟು ಹಾಕಿಕೊಂಡು ಕೂತಿರುತ್ತಿದ್ದರು.

ಅವ್ವನ ಹೊಸತೊಡಕು ಬೇರೆ. ಬೆಳಿಗ್ಗೆಯಿಂದ ಖಾರ ರುಬ್ಬುವುದು, ಮುದ್ದೆ ತೊಳೆಸುವುದು, ಬಂದವರಿಗೆ ಬಡಿಸುವುದು. ಎಲ್ಲರಿಗೂ 'ವಸಿ ಸುಧಾರಿಸ್ಕೊ' ಅನ್ನುತ್ತಿದ್ದವಳು ತಾನು ಸುಧಾರಿಸಿಕೊಂಡಿದ್ದನ್ನು ನಾನು ನೋಡಿದ್ದು ಸಂಜೆ ಕಾಲು ಗಂಟೆ ಮಾತ್ರ. ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲಿಗೆ ಬಂದು ಪಡುವಣ ದಿಕ್ಕಿನಲ್ಲಿ ಬಿದಿಗೆ ಚಂದ್ರನನ್ನು ಹುಡುಕುತ್ತಿದ್ದಳು. ಚಂದ್ರ ಯಾವ ಕಡೆ ವಾಲಿದ್ದಾನೆ ಅನ್ನುವುದರ ಮೇಲೆ ಮಳೆ ಬೆಳೆಯ ಅಂದಾಜು. ಚಂದ್ರನನ್ನು ನೋಡಿದ ಮೇಲೆ ನಾವು ಅವಳ ಕಾಲು ಮುಟ್ಟಬೇಕು. ಅಲ್ಲಿಗೆ ನಮ್ಮ ವರ್ಷ ಶುರು.

ಈ ಚಂದ್ರನಿಗಾಗಿ ನಾನು ಪ್ರತಿ ವರ್ಷ ಕಾಚಿಗುಡದಲ್ಲಿ ಸಂಜೆಯ ರೈಲು ಹತ್ತುತ್ತಿದ್ದೆ. ಕಾಚಿಗುಡದ ಹಳೆಯ ಕನ್ನಡ ಮನೆಗಳವರಿಗೆ ನನ್ನ ಈ ಅವಸರ ಅರ್ಥವಾಗುತ್ತಿರಲಿಲ್ಲ. ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯಿಂದ ಬಂದವರಿಗೆ ಇದು ಪರವೂರೇ ಅಲ್ಲ. ಅವರ ಮಕ್ಕಳು ಇಲ್ಲಿಯ ನೃಪತುಂಗ ಶಾಲೆಯಲ್ಲಿ ಓದಿದವರು, ಅವರ ಯುಗಾದಿ ಇಲ್ಲೇ. ನಮ್ಮಂಥವರು ಕೆಲಸವನ್ನು ಇಲ್ಲಿಟ್ಟುಕೊಂಡು ಹಬ್ಬವನ್ನು ಅಲ್ಲಿ ಬಿಟ್ಟು ಬಂದವರು.

2023ರ ಕಾರ್ತಿಕದಲ್ಲಿ ಅವ್ವ ತೀರಿಕೊಂಡಳು. 2024ರ ಯುಗಾದಿ ಏಪ್ರಿಲ್ 9ಕ್ಕೆ ಬಿತ್ತು. ಕ್ರೋಧಿ ಸಂವತ್ಸರ. ವಾರದ ಮುಂಚೆ ಅಣ್ಣನ ಫೋನ್ ಬಂತು. "ವರ್ಷ ತುಂಬಿಲ್ಲ, ಈ ಸಲ ಹಬ್ಬ ಇಲ್ಲ ಕಣ್ಲಾ. ಓಡಿ ಬರಬ್ಯಾಡ. ಅಲ್ಲೇ ಇದ್ದು ವಸಿ ಸುಧಾರಿಸ್ಕೊ." ಅವ್ವನ ಮಾತು ಅಣ್ಣನ ಬಾಯಲ್ಲಿ ಬಂದಿತ್ತು.

ಹಬ್ಬವಿಲ್ಲದ ಯುಗಾದಿಯ ದಿನ ಎಂಟು ಗಂಟೆಯವರೆಗೆ ಮಲಗಿದ್ದೆ. ಎದುರು ಮನೆಯ ತೆಲುಗು ಅಕ್ಕ ಲೋಟದಲ್ಲಿ ಪಚ್ಚಡಿ, ತಟ್ಟೆಯಲ್ಲಿ ಭಕ್ಷ್ಯಾಲು ತಂದುಕೊಟ್ಟರು. ಭಕ್ಷ್ಯಾಲು ಅಂದರೆ ನಮ್ಮ ಒಬ್ಬಟ್ಟೇ. ಪಚ್ಚಡಿ ಮಾತ್ರ ಬೇರೆ. ನಮಗೆ ಬೇವು, ಬೆಲ್ಲ ಎರಡೇ ಸಾಕು. ಅವರು ಹೊಸ ಹುಣಸೆ ಹುಳಿ, ಮಾವಿನಕಾಯಿ, ಉಪ್ಪು, ಖಾರ ಎಲ್ಲ ಸೇರಿಸಿ ಆರು ರುಚಿ ಮಾಡುತ್ತಾರೆ. ಕುಡಿಯುವಾಗ ಯಾವುದು ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. ಆ ವರ್ಷಕ್ಕೆ ಅದೇ ಸರಿಯಾಗಿತ್ತು.

ಟೀವಿಯಲ್ಲಿ ಪಂಚಾಂಗ ಶ್ರವಣ ನಡೆದಿತ್ತು. ಒಂದೊಂದು ರಾಶಿಗೂ ಆದಾಯ ಎಷ್ಟು, ವ್ಯಯ ಎಷ್ಟು, ರಾಜಪೂಜ್ಯ ಎಷ್ಟು, ಅವಮಾನ ಎಷ್ಟು ಅಂತ ಅಂಕಿ ಹೇಳುತ್ತಾ ಹೋದರು. ಈ ಲೆಕ್ಕದ ಒಂದು ಸೊಗಸೆಂದರೆ ಯಾರಿಗೂ ಬರೀ ಆದಾಯವಿಲ್ಲ, ಯಾರನ್ನೂ ಅದು ಬೈಯುವುದೂ ಇಲ್ಲ. ಸುಮ್ಮನೆ ಕೂತು ನನ್ನ ವರ್ಷಕ್ಕೂ ಹಾಗೇ ನಾಲ್ಕು ಕಲಂ ಹಾಕಿದೆ. ಅವ್ವನನ್ನು ವ್ಯಯದ ಕೆಳಗೆ ಬರೆಯಲು ಕೈ ಬರಲಿಲ್ಲ. ಆದಾಯದ ಕೆಳಗೆ ಬರೆದೆ: 48 ವರ್ಷ. ಬೇರೆ ಯಾವ ತೀರ್ಮಾನವನ್ನೂ ಬರೆಯಲಿಲ್ಲ. ಮಧ್ಯಾಹ್ನ ಮತ್ತೆ ನಿದ್ದೆ ಬಂತು.

ಅವತ್ತು ಸಂಜೆ ಮಲಕ್‌ಪೇಟೆಯ ನಮ್ಮ ಕಟ್ಟಡದ ತಾರಸಿಯ ಮೇಲೆ ಜನ ಸೇರಿದ್ದರು. ರಂಜಾನಿನ 29ನೇ ಉಪವಾಸ. ಈದ್ ಚಂದ್ರ ಕಾಣುತ್ತಾನೋ ಅಂತ. ಕಾಣಲಿಲ್ಲ. ಹಬ್ಬ ಹನ್ನೊಂದಕ್ಕೆ ಅಂತಾಯಿತು. ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ: ನಾವು ಅಮಾವಾಸ್ಯೆಯಿಂದ ಲೆಕ್ಕ ಹಾಕುತ್ತೇವೆ, ಅವರು ಕಣ್ಣಿಗೆ ಕಂಡ ಮೇಲೆ ಹಾಕುತ್ತಾರೆ, ಇಬ್ಬರೂ ಕಾಯುವುದು ಒಂದೇ ಚಂದ್ರನಿಗೆ. 2023ರಲ್ಲಿ ಯುಗಾದಿ ಚಂದ್ರನೇ ರಂಜಾನ್ ಉಪವಾಸ ಶುರು ಮಾಡಿಸಿದ್ದ, 2024ರಲ್ಲಿ ಅವನೇ ಈದ್ ತಂದ.

ಹೊಸತೊಡಕಿಗೆ ಹೈದರಾಬಾದಿನಲ್ಲಿ ಯಾರೂ ರಜೆ ಕೊಡುವುದಿಲ್ಲ. ನಾನೇ ಹಾಕಿಕೊಂಡೆ. ಸಂಜೆ ಇಫ್ತಾರ್ ಮುಗಿದ ಮೇಲೆ ಮತ್ತೆ ತಾರಸಿ ಹತ್ತಿದರೆ, ಪಶ್ಚಿಮದಲ್ಲಿ ತೆಳ್ಳಗೆ ಚಂದ್ರ, ಹತ್ತಿರದಲ್ಲೇ ಹೊಳೆಯುವ ಗುರುಗ್ರಹ. ಮಕ್ಕಳು ಕೂಗಿದರು. ದೊಡ್ಡವರು ಕೈಯೆತ್ತಿ ದುವಾ ಮಾಡಿದರು. ನಾನು ಚಂದ್ರನನ್ನು ನೋಡಿ ಕೈ ಮುಗಿದೆ. ಆಮೇಲೆ ಏನು ಮಾಡಬೇಕು ತಿಳಿಯಲಿಲ್ಲ. ಕಾಲು ಮುಟ್ಟಬೇಕಾದವಳು ಇರಲಿಲ್ಲ.

ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಕೆಳಗಿನ ಮನೆಯ ಅಜ್ಜಿ ನನ್ನನ್ನೇ ನೋಡುತ್ತಿದ್ದರು. "ಖಡೇ ಕಾಯ್ಕು ಹೈ ಬೇಟಾ, ಬೈಠೋ ಜರಾ" ಅಂದರು. ಯಾಕೆ ನಿಂತಿದ್ದೀಯ ಮಗ, ಕೂತ್ಕೊ ಸ್ವಲ್ಪ.

ಕೂತೆ. ಚಂದ್ರ ಮುಳುಗುವವರೆಗೂ ಕೂತಿದ್ದೆ.