ನಮ್ಮ ಮುತ್ತಜ್ಜಿಯ ಕೌದಿ

ಸ್ಮರಣಸಂಚಿಕೆಗಾಗಿ ನಮ್ಮ ಹಿರಿಯರಲ್ಲೊಬ್ಬರ ವಿಷಯವಾಗಿ ಬರೆದು ಕಳುಹಿಸಬೇಕೆಂದು ಶಾಲೆಯಿಂದ ಪತ್ರ ಬಂದಾಗ ನಾವು ಅಕ್ಕತಂಗಿಯರಿಬ್ಬರೂ ಹೆಚ್ಚು ಯೋಚಿಸಲಿಲ್ಲ. ಹೆಸರುವಾಸಿಯಾದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಇಪ್ಪತ್ತು ತುಂಬುವ ಮೊದಲೇ ಕರ್ತನಲ್ಲಿ ನಿದ್ರೆಹೋದ ಮುತ್ತಜ್ಜಿಯೊಬ್ಬಳಿದ್ದಳು. ಆಕೆಯ ಚಿತ್ರವಿಲ್ಲ, ಗೋರಿಯ ಮೇಲೆ ಕಲ್ಲೂ ಇಲ್ಲ.

ನಾವು ಕಲಘಟಗಿ ತಾಲೂಕಿನ ಸಿದ್ದಿಯರು. ಪೋರ್ತುಗೀಸರು ಪೂರ್ವ ಆಫ್ರಿಕೆಯಿಂದ, ವಿಶೇಷವಾಗಿ ಮೊಜಾಂಬಿಕ್ ಸೀಮೆಯಿಂದ, ಹಡಗುಗಳಲ್ಲಿ ಗೋವೆಗೆ ತಂದ ದಾಸರ ಸಂತಾನವು ನಮ್ಮದು. 1869ರಲ್ಲಿ ಪೋರ್ತುಗಾಲ ಸರಕಾರವು ದಾಸ್ಯವನ್ನು ರದ್ದುಮಾಡಿತಾದರೂ ಅದಕ್ಕೂ ಮೊದಲೇ ಎಷ್ಟೋ ಜನರು ತಪ್ಪಿಸಿಕೊಂಡು ಘಟ್ಟದ ಅಡವಿಯನ್ನು ಸೇರಿದ್ದರು. ಮುತ್ತಜ್ಜಿಯ ತವರು ಹಳಿಯಾಳ ಸೀಮೆ. ಮದುವೆಯಾಗಿ ಕಲಘಟಗಿಯ ಕಡೆಗೆ ಬಂದು, ಲಾವಣಿಗೆ ಹಿಡಿದ ಹೊಲದಲ್ಲಿ ದುಡಿದಳು. ನಮ್ಮ ಕಡೆ ಭತ್ತವನ್ನು ಕೂರಿಗೆಯಿಂದ ಬಿತ್ತುವರು. ಆದುದರಿಂದ ಕಳೆಯು ಬಹಳ. ಕಳೆ ತೆಗೆಯುವುದು ಹೆಂಗಸರ ಪಾಲಿನ ಕೆಲಸ. ಆಷಾಢದ ಅಂಥದೊಂದು ದಿನ ಆಕೆ ಚಳಿಜ್ವರ ಹಿಡಿದು ಮನೆಗೆ ಬಂದವಳು ಮತ್ತೆ ಹೊಲಕ್ಕೆ ಹೋಗಲಿಲ್ಲವಂತೆ. ಆಗ ನಮ್ಮ ಅಜ್ಜಿಯು ಇನ್ನೂ ಜೋಳಿಗೆಯ ಕೂಸು. ಕಲಘಟಗಿಯ ಬಣ್ಣದ ತೊಟ್ಟಿಲುಗಳು ನಾಡಿಗೆಲ್ಲ ಪ್ರಸಿದ್ಧವಾಗಿರಬಹುದು. ನಮ್ಮಂಥವರ ಮಕ್ಕಳು ಬೆಳೆದದ್ದು ಹಳೆಯ ಸೀರೆಯ ಜೋಳಿಗೆಯಲ್ಲಿಯೇ.

ಆ ಕೂಸಿಗಾಗಿ ಆಕೆ ಕೌದಿಯೊಂದನ್ನು ಹೊಲಿಯತೊಡಗಿದ್ದಳು. ನಮ್ಮವರು ಹರಕು ಸೀರೆ ಧೋತರಗಳ ತುಂಡುಗಳನ್ನಿಟ್ಟು ಅಂಚಿನಿಂದ ಸುತ್ತಿಕೊಳ್ಳುತ್ತ ಒಳಗೆ ಹೊಲಿಯುವರು. ಕೊನೆಗೆ ಹೊಲಿಗೆಯು ನಡುವಿನಲ್ಲಿ ಕೂಡುವುದು. ಮೂಲೆಗಳಿಗೆ ‘ಫುಲಾ’, ಅಂದರೆ ಹೂವು, ಎಂಬ ಮಡಿಕೆಯ ತುಂಡುಗಳನ್ನಿಡುವರು. ಫುಲಾ ಇಲ್ಲದ ಕೌದಿಯು ಬತ್ತಲೆಯೆಂದು ನಮ್ಮ ಹೆಂಗಸರ ಮಾತು. ಮುತ್ತಜ್ಜಿಯ ಹೊಲಿಗೆಯು ನಡುವಿಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಅಜ್ಜಿಯ ಸೋದರತ್ತೆಯು ನಾಲ್ಕೂ ಮೂಲೆಗೆ ಫುಲಾ ಹಚ್ಚಿದಳು. ನಡುವನ್ನು ಮಾತ್ರ ಮುಟ್ಟಲಿಲ್ಲ. ಅಜ್ಜಿಯೂ ಮುಟ್ಟಲಿಲ್ಲ. “ಅಲ್ಲಿಗೆ ನಮ್ಮವ್ವನ ಕೈ ನಿಂತೈತಿ” ಎನ್ನುತ್ತಿದ್ದಳು. ತಾಯಿಯ ಮುಖವನ್ನರಿಯದ ಅಜ್ಜಿಯು ಆ ಹೊಲಿಗೆಯ ಸಾಲುಗಳನ್ನು ಬೆರಳಿನಿಂದ ಬಲ್ಲಳು.

ಇನ್ನು ಹೇಳಲು ನಾಚಿಕೆಯಾಗುವ ಮಾತು. ನಾವು ಓದಲು ಬೋರ್ಡಿಂಗಿಗೆ ಹೊರಟಾಗ ಅಜ್ಜಿಯು ಆ ಕೌದಿಯನ್ನು ನಮ್ಮ ಟ್ರಂಕಿನಲ್ಲಿಟ್ಟಳು. ನಮ್ಮ ಗುಂಗುರು ಕೂದಲನ್ನು ಮುಟ್ಟಿ ನೋಡಿ ಕೆಲವು ಹುಡುಗಿಯರು ನಕ್ಕರು. ಮಕ್ಕಳು ನಗುವರು, ಅದನ್ನು ನಾವೆಂದೋ ಮರೆತೆವು. ಮರೆಯಲಾರದ್ದು ನಮ್ಮದೇ ನಡತೆ. ಕೌದಿಯನ್ನು ಟ್ರಂಕಿನ ತಳಕ್ಕೆ ತುರುಕಿ, ಪೇಟೆಯ ಚಾದರ ಕೊಂಡು ಹೊದ್ದೆವು. ಒಂದು ರವಿವಾರ ಅಜ್ಜಿಯು ನೋಡಲು ಬಂದು ಮಂಚದ ಮೇಲೆ ಕುಳಿತಳು, ಚಾದರದ ಅಂಚನ್ನು ಬೆರಳುಗಳಲ್ಲಿ ತಿಕ್ಕಿ ನೋಡಿ, “ಇದು ಬೆಚ್ಚಗಿರ್ತೈತೇನ್ರವ್ವಾ?” ಎಂದಳು. ಮತ್ತೇನನ್ನೂ ಕೇಳಲಿಲ್ಲ.

ಉತ್ತರ ಕನ್ನಡದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳವರು 2020ರ ವರೆಗೆ ಕಾದರು. ಹೀಗೆ ಹದಿನೇಳು ವರ್ಷಗಳ ಕಾಲ ಮುತ್ತಜ್ಜಿಯ ತವರು ಪಟ್ಟಿಯಲ್ಲಿತ್ತು, ಆಕೆ ಸೇರಿದ ಮನೆಯು ಇರಲಿಲ್ಲ! ಅಜ್ಜಿಯು ಅಷ್ಟರಲ್ಲಿ ತೀರಿಕೊಂಡಿದ್ದಳು.

ಕೌದಿಯು ಈಗ ನಮ್ಮಲ್ಲಿದೆ. ಪ್ರತಿ ಬೇಸಿಗೆಯಲ್ಲಿ ಬಿಸಿಲಿಗೆ ಹಾಕುವೆವು. ನಡುವಿನ ತುಂಡುಗಳು ಸಡಿಲಾಗಿ ಜರುಗುತ್ತಿವೆ. ಹೊಲಿಯದಿದ್ದರೆ ಹರಿದುಹೋಗುವುದೆಂದು ನಮ್ಮಲ್ಲಿ ಕಿರಿಯಳ ವಾದ. ಹಿರಿಯಳು ದಾರವನ್ನು ತಂದಿಟ್ಟಿದ್ದಾಳೆ, ಸೂಜಿಗೆ ಪೋಣಿಸಿಲ್ಲ.