ದಂಡ ಹೊಡೆಯುವ ಓತಿಕ್ಯಾತ

ಗುಡೇಕೋಟೆಯ ಬಂಡೆಗಳಲ್ಲಿ ಒಂಬತ್ತು ಗಂಟೆಯ ಬಿಸಿಲಿಗೇ ನೆತ್ತಿ ಚುರುಗುಟ್ಟುತ್ತದೆ. ಓತಿಕ್ಯಾತನಿಗೆ ಬೇಕಾದದ್ದು ಅದೇ ಬಿಸಿಲು. ಮುಂಗಾರು ಹತ್ತಿರವಾದಂತೆ ಗಂಡಿನ ಬೆನ್ನು ಕೆಂಪೇರುತ್ತದೆ, ಪಕ್ಕೆ ಕಾಲುಗಳು ಕಡುಗಪ್ಪಾಗುತ್ತವೆ. ಬಿಳಿಚಿದ ಕಲ್ಲು, ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು: ಕ್ಯಾಮೆರಾದ ಮೀಟರು ಕಕ್ಕಾಬಿಕ್ಕಿಯಾಗಲು ಇಷ್ಟು ಸಾಕು.

ಮೀಟರು ಕಂಡದ್ದನ್ನೆಲ್ಲ ನಡುಬೂದಿಗೆ ಎಳೆಯುತ್ತದೆ. ಚೌಕಟ್ಟಿನ ತುಂಬ ಕಲ್ಲಿದ್ದರೆ ಪ್ರಾಣಿ ಬರೀ ಮಸಿ. ಕಪ್ಪು ಪಕ್ಕೆಯೇ ತುಂಬಿದರೆ ಅದು ಬೂದಿಯಾಗಿ, ಬೆನ್ನಿನ ಕೆಂಪು ಸುಟ್ಟುಹೋಗುತ್ತದೆ. ಹಿಸ್ಟೋಗ್ರಾಂ ಒಟ್ಟಾರೆ ಸರಿ ಎಂದರೂ ಕೆಂಪು ಚಾನೆಲ್ಲೊಂದೇ ಬಲತುದಿಗೆ ಬಡಿದಿರಬಹುದು. ಅದನ್ನು ಬೇರೆಯಾಗಿಯೇ ನೋಡಬೇಕು. ನಾನಂತೂ ಕೆಂಪನ್ನು ಉಳಿಸಿ, ಕಪ್ಪನ್ನು ಆಮೇಲೆ ರಾ ಫೈಲಿನಲ್ಲಿ ಎತ್ತುವವನು. ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಪಕ್ಷಿಧಾಮಕ್ಕೆ ಹೋದರೆ ಲೆಕ್ಕ ತಿರುಗುಮುರುಗು. ಅಲ್ಲಿ ಕೊಕ್ಕರೆಯ ಬಿಳಿ ಚೌಕಟ್ಟು ತುಂಬಿದರೆ ಬೆಳಕನ್ನು ಏರಿಸಬೇಕು.

ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆ, ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪು-ಬಿಳುಪು ಫಿಲ್ಮಿನಲ್ಲೇ ಕಾಡುಪ್ರಾಣಿಗಳನ್ನು ಪಳಗಿದ ಕೈಯಿಂದ ಸೆರೆಹಿಡಿದರು. ಒತ್ತಿದ ಕೂಡಲೇ ಹಿಂಬದಿ ಪರದೆಯಲ್ಲಿ ನೋಡಿಕೊಳ್ಳುವ ಸೌಲಭ್ಯ ಅವರಿಗಿರಲಿಲ್ಲ. ನನಗಿದೆ, ಆದರೂ ಬೆವರುತ್ತೇನೆ!

ಬೆಳಕಿಗಿಂತ ಫೋಕಸ್ಸಿನಲ್ಲೇ ನನಗೆ ರುಚಿ ಹೆಚ್ಚು. ಮ್ಯಾಕ್ರೋ ಲೆನ್ಸಿನಲ್ಲಿ ಪ್ರಾಣಿಯ ನಿಜ ಅಳತೆಯೇ ಸೆನ್ಸರಿನ ಮೇಲೆ ಬೀಳುವಷ್ಟು ಹತ್ತಿರ ಹೋದರೆ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಎಫ್ 11 ಇಟ್ಟರೂ ಸ್ಪಷ್ಟವಾಗಿ ಸಿಗುವ ಆಳ ಒಂದೂವರೆ ಮಿಲಿಮೀಟರಿಗೂ ಕಡಿಮೆ. ಕಣ್ಣು ಸಿಕ್ಕರೆ ಮೂತಿ ಇಲ್ಲ, ಮೂತಿ ಸಿಕ್ಕರೆ ಕಣ್ಣಿಲ್ಲ. ಅಪರ್ಚರನ್ನು ಇನ್ನೂ ಕಿರಿದು ಮಾಡುತ್ತ ಹೋದರೆ ಡಿಫ್ರಾಕ್ಷನ್ನಿನಿಂದ ಹುರುಪೆಗಳ ಚೂಪೇ ಮಂಕಾಗುತ್ತದೆ. ಹಾಗಾಗಿ ಮೈಯುದ್ದ ಬೇಕೆಂದಾಗ ಒಂದಷ್ಟು ಹಿಂದೆ ಸರಿದು, ಅದರ ಪಕ್ಕೆಗೆ ಸೆನ್ಸರು ಸಮಾನಾಂತರವಾಗುವಂತೆ ಕಲ್ಲಿಗೆ ಮೊಣಕೈ ಊರಿ ಮಲಗುತ್ತೇನೆ. ಕಣ್ಣೊಂದೇ ಸಾಕೆಂದಾಗ ಆಟೋಫೋಕಸ್ ನಿಲ್ಲಿಸಿ, ದೂರವನ್ನು ಮೊದಲೇ ಕಟ್ಟಿಟ್ಟು, ಉಸಿರಿನ ಜೊತೆ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತೇನೆ.

ಇಷ್ಟೆಲ್ಲ ಹೊಂದಿಸುವಷ್ಟರಲ್ಲಿ ಓತಿಕ್ಯಾತ ದಂಡ ಹೊಡೆಯಲು ಶುರುಮಾಡುತ್ತಾನೆ. ಗರಡಿಯ ಪೈಲ್ವಾನನೂ ಅಷ್ಟು ಗತ್ತಿನಿಂದ ಹೊಡೆಯಲಾರ. ಮೇಲೇರಿದಾಗ ಒಂದು ಗಳಿಗೆ ನಿಲ್ಲುತ್ತಾನಲ್ಲ, ಒತ್ತಬೇಕಾದದ್ದು ಆಗಲೇ. ತೀರಾ ಮೈಮೇಲೆ ಬಿದ್ದರೆ ಬಣ್ಣ ಬಿಟ್ಟು ಬಿರುಕಿಗೆ ನುಗ್ಗುತ್ತಾನೆ.

ಕುರಿ ಹೊಡೆದುಕೊಂಡು ಬಂದ ಅಜ್ಜ ಒಮ್ಮೆ ನಿಂತು ನೋಡಿದ. “ಏನಪ್ಪಾ, ಕರಡಿ ಇರೋ ಗುಡ್ಡಕ್ಕ ಬಂದು ಓತಿಕ್ಯಾತನ ಬೆನ್ನು ಹತ್ತಿಯಲ್ಲ?”

“ಕರಡಿ ಇಷ್ಟು ಹತ್ತಿರ ಬಿಡಬೇಕಲ್ಲ, ಅಜ್ಜಾ.”

ಅಜ್ಜ ನಕ್ಕು ಕೋಲು ಎತ್ತಿ ತೋರಿಸಿದ: “ಹಂಗಾರ ಆ ಕಲ್ಲಿನ ಹಿಂದ ಹೋಗು. ಇದಕ್ಕಿಂತ ಕೆಂಪಗ ಇನ್ನೊಂದು ಐತಿ.”