48 ಗಂಟೆಗೊಂದು ಏಟು

ನೀವೀಗ ಒಂದು ನಕ್ಷತ್ರದ ಪಕ್ಕದಲ್ಲಿ ತೇಲುತ್ತಿದ್ದೀರಿ. ಹೆಚ್ಚುಕಡಿಮೆ ನಮ್ಮ ಸೂರ್ಯನಷ್ಟೇ ತೂಕ, ಸೂರ್ಯನಂಥದೇ ಸಾಧು ಸ್ವಭಾವ. ಎದುರಿಗೆ ಹೆದರುವಂಥದ್ದೇನೂ ಕಾಣುತ್ತಿಲ್ಲ. ದೂರದ ಚುಕ್ಕಿಗಳ ಸಾಲು ಒಂದು ಕಡೆ ಮಾತ್ರ ವಿಚಿತ್ರವಾಗಿ ಬಾಗಿದೆ, ಬಾಗಿದ ಬೆಳಕಿನ ನಡುವೆ ಕರ್ರಗಿನ ಒಂದು ಬೊಟ್ಟು. ಆ ಬೊಟ್ಟೇ ಕಪ್ಪುಕುಳಿ, ಅದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಸೂರ್ಯರ ತೂಕ ಅಡಗಿದೆ.

ಅಲ್ಲಿಗಿನ್ನೂ ಸುಮಾರು 7 ಕೋಟಿ ಕಿಲೋಮೀಟರ್ ಇದೆ, ಭೂಮಿಗೂ ಸೂರ್ಯನಿಗೂ ಇರುವ ಅಂತರದಲ್ಲಿ ಅರ್ಧದಷ್ಟು. ಸಾಕಷ್ಟು ದೂರ ಅನ್ನಿಸಬಹುದು. ಆದರೆ ನಕ್ಷತ್ರ ಆಗಲೇ ದುಂಡಗೆ ಉಳಿದಿಲ್ಲ, ಮೊಟ್ಟೆಯಂತಾಗಿದೆ. ಕಪ್ಪುಕುಳಿಗೆ ಹತ್ತಿರವಿರುವ ಮಗ್ಗುಲಿನ ಮೇಲೆ ಸೆಳೆತ ಹೆಚ್ಚು, ಆಚೆ ಮಗ್ಗುಲಿನ ಮೇಲೆ ಕಡಿಮೆ. ಕಡಲು ಉಬ್ಬುವುದೂ ಇದೇ ಲೆಕ್ಕದಿಂದ. ಚಂದ್ರ ನಾಲ್ಕಾರು ಅಡಿ ನೀರೆತ್ತಿ ಬಿಟ್ಟುಬಿಡುತ್ತಾನೆ, ಇಲ್ಲಿ ಬಿಡುವವರಿಲ್ಲ. ನಕ್ಷತ್ರ ಸೆಕೆಂಡಿಗೆ 60,000 ಕಿಲೋಮೀಟರ್ ವೇಗದಲ್ಲಿ ಬೊಟ್ಟನ್ನು ಬಳಸಿ ಹೊರಳುತ್ತಿದೆ. ತನ್ನನ್ನು ತಾನು ಹಿಡಿದಿಟ್ಟುಕೊಂಡಿದ್ದ ಸೆಳೆತ ಸೋತು, ಗಂಟೆ-ಎರಡು ಗಂಟೆಯೊಳಗೆ ಅದರ ಕಟ್ಟು ಬಿಚ್ಚಿಹೋಗುತ್ತದೆ.

ಪಶ್ಚಿಮದವರು ಇದನ್ನು ಸ್ಪಾಗೆಟಿಗೆ ಹೋಲಿಸಿದ್ದಾರೆ. ನನ್ನ ಕೇಳಿದರೆ ನಮ್ಮ ಒತ್ತು ಶ್ಯಾವಿಗೆಯೇ ಸರಿಯಾದ ಹೋಲಿಕೆ. ಉದ್ದಕ್ಕೆ ಎಳೆಯುವುದರ ಜೊತೆಗೆ ಎರಡೂ ಬದಿಯಿಂದ ಹಿಂಡುವುದೂ ನಡೆಯುತ್ತದಲ್ಲ! ಒರಳಿನಿಂದ ಒಂದೇ ಒಂದು ಎಳೆ, ಕೋಟಿಗಟ್ಟಲೆ ಕಿಲೋಮೀಟರ್ ಉದ್ದ, ಕಣ್ಣು ಕೋರೈಸುವ ಬಿಸಿ.

ಒಂದು ಸೂಕ್ಷ್ಮ ಇಲ್ಲಿದೆ. ಕಪ್ಪುಕುಳಿ ಇದಕ್ಕಿಂತ ನೂರಾರು ಪಟ್ಟು ದೊಡ್ಡದಿದ್ದಿದ್ದರೆ ನಿಮಗೆ ನೋಡಲು ಏನೂ ಸಿಗುತ್ತಿರಲಿಲ್ಲ. ಹರಿಯುವ ಮೊದಲೇ ಇಡೀ ನಕ್ಷತ್ರವನ್ನು ಗುಳುಂ ಮಾಡಿರುತ್ತಿತ್ತು. ಹರಿದು, ಚೆಲ್ಲಿ, ಗಲೀಜು ಮಾಡಿ ತಿನ್ನುವುದು ಚಿಕ್ಕ ಕುಳಿಗಳ ಚಾಳಿ. ಆ ಗಲೀಜೇ ನಮಗೆ ಕಾಣುವ ಬೆಳಕು.

ಎಳೆಯ ಒಂದು ಪಾಲು ಹೊರಕ್ಕೆ ಚಿಮ್ಮಿ ಹೋಯಿತು, ಮರಳಿ ಬರುವುದಿಲ್ಲ. ಉಳಿದದ್ದು ವಾರಗಳ ನಂತರ ಸುತ್ತಿಕೊಂಡು ಬಂದು ತನ್ನ ಬಾಲಕ್ಕೇ ತಾನು ಡಿಕ್ಕಿ ಹೊಡೆಯುತ್ತದೆ. ಸೆಕೆಂಡಿಗೆ 10,000 ಕಿಲೋಮೀಟರ್‌ವರೆಗಿನ ವೇಗದಲ್ಲಿ ಅನಿಲದ ಗಾಳಿ ನಿಮ್ಮ ಮುಖಕ್ಕೆ ರಾಚುತ್ತದೆ. ಕೆಲಕಾಲ ಎಲ್ಲವೂ ಮಂಜು ಮುಸುಕಿದಂತೆ. ಮಂಜು ಸರಿದಾಗ ಬೊಟ್ಟಿನ ಸುತ್ತ ಒಂದು ತಟ್ಟೆ ತಿರುಗುತ್ತಿರುತ್ತದೆ. ಒಳ ಅಂಚು ಲಕ್ಷಗಟ್ಟಲೆ ಡಿಗ್ರಿ ಬಿಸಿ, ಅಲ್ಲಿಂದ ಹೊರಡುವುದರಲ್ಲಿ ಬಹುಪಾಲು ನಿಮ್ಮ ಕಣ್ಣಿಗೆ ಕಾಣದ ಬೆಳಕು. ಎಕ್ಸ್-ರೇ.

ಆ ಬೆಳಕಿನ ಜೊತೆಗೇ ಹೊರಡಿ. ಹೊರಟಾಗ ಭೂಮಿಯ ಮೇಲೆ ಡೈನೋಸಾರ್‌ಗಳ ಆರಂಭದ ಕಾಲ. ದಾರಿ 21 ಕೋಟಿ ಬೆಳಕಿನ ವರ್ಷ. ತಲುಪುವಾಗ 2019ರ ಸೆಪ್ಟೆಂಬರ್, ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಮೇಲೆ ರಾತ್ರಿಯಿಡೀ ಆಕಾಶ ಜಾಲಾಡುವ ಕ್ಯಾಮೆರಾಕ್ಕೆ ಹೊಸದೊಂದು ಚುಕ್ಕಿ ಬೀಳುತ್ತದೆ. ಎಟಿ2019ಕ್ಯುಐಜಡ್ ಎಂದು ಹೆಸರಿಟ್ಟರು, ಕಾರಿನ ನಂಬರ್ ಪ್ಲೇಟಿನ ಹಾಗೆ. ಜಾಗ ಮಾತ್ರ ಸೊಗಸಾಗಿದೆ. ಚಳಿಗಾಲದ ರಾತ್ರಿ ಮಹಾವ್ಯಾಧನ ಪಾದದಲ್ಲಿ ಹೊಳೆಯುವ ರೈಜೆಲ್ ನಕ್ಷತ್ರ ಹುಡುಕಿ, ಕೈ ಚಾಚಿ, ಅಲ್ಲಿಂದ ಪಶ್ಚಿಮಕ್ಕೆ ಮುಷ್ಟಿಗಿಂತ ತುಸು ಕಡಿಮೆ ಅಳೆಯಿರಿ. ಎರಿಡನಸ್ ಎಂಬ ಆ ಪುಂಜವನ್ನು ನಾವು ಕರೆಯುವುದು ವೈತರಿಣಿ ಎಂದು. ಸತ್ತವರು ದಾಟಬೇಕಾದ ಹೊಳೆಯಲ್ಲೇ ಸತ್ತ ನಕ್ಷತ್ರ ಕಾಣಿಸಿಕೊಂಡಿದ್ದು ಕಾಕತಾಳೀಯ, ಅಷ್ಟೇ. ಆದರೂ ಹೇಳದೆ ಇರಲಾರೆ.

ಬೆಳಕು ಕೆಲವೇ ತಿಂಗಳಲ್ಲಿ ಇಳಿಯಿತು, ವರದಿಗಳು ಬಂದವು. ಕಥೆ ಮುಗಿಯಿತು ಎಂದೇ ಲೆಕ್ಕ.

2023ರ ಡಿಸೆಂಬರ್. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಮ್ಯಾಟ್ ನಿಕೋಲ್ ಮತ್ತು ಜೊತೆಗಾರರು ಉಳಿದ ತಟ್ಟೆ ಹೇಗಿದೆ ನೋಡೋಣವೆಂದು ಚಂದ್ರಾ ದೂರದರ್ಶಕವನ್ನು ಅತ್ತ ತಿರುಗಿಸುತ್ತಾರೆ. ಒಟ್ಟು ಸುಮಾರು 14 ಗಂಟೆಯ ನೋಟ, ನಾಲ್ಕೈದು ಗಂಟೆ ಬಿಡುವು ಕೊಟ್ಟು ಮೂರು ಕಂತು. ಒಂದೊಂದೇ ಎಕ್ಸ್-ರೇ ಕಣ ಎಣಿಸುವ ಕೆಲಸ ಇದು. ಮೊದಲ ಕಂತಿನಲ್ಲಿ ಮಂಕು. ಮೂರನೆಯದರಲ್ಲೂ ಮಂಕು. ನಡುವಿನದರಲ್ಲಿ ಮಾತ್ರ ಧಗ್ಗನೆ ಬೆಳಕು. ಆ ಒಂದು ಕಂತು ತಪ್ಪಿದ್ದರೆ ಕಡತ ಮುಚ್ಚಿಯೇ ಹೋಗುತ್ತಿತ್ತು.

ಮತ್ತೆ ಮತ್ತೆ ನೋಡಬೇಕಾಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ ನೈಸರ್ ಉಪಕರಣ ಬಿಡದೆ ಹಿಂದೆ ಬಿದ್ದು ತಾಳ ಹಿಡಿಯಿತು: ಸುಮಾರು 48 ಗಂಟೆಗೊಮ್ಮೆ ಒಂದು ಭುಗಿಲು. ಸ್ವಿಫ್ಟ್ ದೂರದರ್ಶಕ ಮತ್ತು ನಮ್ಮ ಆಸ್ಟ್ರೋಸ್ಯಾಟ್ ಅದನ್ನು ಖಚಿತಪಡಿಸಿದವು.

ಆಸ್ಟ್ರೋಸ್ಯಾಟ್ ಎಂದಾಗ ಒಂದು ಗಳಿಗೆ ನಿಲ್ಲಿ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಉಪಗ್ರಹ. ಅದರ ಮೆದು ಎಕ್ಸ್-ರೇ ದೂರದರ್ಶಕ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದು. ಒಳಗಿಣುಕಿದರೆ ನಮಗೆ ಗೊತ್ತಿರುವ ಥರದ ಕನ್ನಡಿ ಇಲ್ಲ. ಎಕ್ಸ್-ರೇ ನೇರ ಬಿದ್ದರೆ ಕನ್ನಡಿಯೊಳಕ್ಕೇ ನುಗ್ಗಿಬಿಡುತ್ತದೆ. ಕೆರೆಯ ಮೇಲೆ ಓರೆಯಾಗಿ ಬೀಸಿದ ಬಿಲ್ಲೆಕಲ್ಲು ಪುಟಿದು ಹೋಗುವ ಹಾಗೆ ಸವರಿಕೊಂಡು ಬಿದ್ದರೆ ಮಾತ್ರ ಪುಟಿಯುತ್ತದೆ. ಅದಕ್ಕೇ ಚಿನ್ನ ಲೇಪಿಸಿದ ತೆಳು ತಗಡುಗಳನ್ನು ಈರುಳ್ಳಿ ಪದರದಂತೆ ಒಂದರೊಳಗೊಂದು 40 ಸುತ್ತು ಕೂಡಿಸಿದ್ದಾರೆ. ಹಾಗೆ ಪುಟಿದ ಕಣಗಳ ಲೆಕ್ಕ ಬೆಂಗಳೂರಿನ ಹೊರಗಿರುವ ಬ್ಯಾಲಾಳಿನ ಆಂಟೆನಾಗಳಿಗೆ ಇಳಿದು ಬರುತ್ತದೆ. ಬೆಂಗಳೂರಿನವರಾದರೆ ನೀವು ಮೈಸೂರು ರಸ್ತೆಯಲ್ಲಿ ಎಷ್ಟೋ ಸಲ ಅದರ ಹತ್ತಿರದಿಂದಲೇ ಹಾದುಹೋಗಿರುತ್ತೀರಿ.

48 ಗಂಟೆಗೊಮ್ಮೆ ಬಾಗಿಲು ತಟ್ಟುವುದು ಯಾರು? ಅದನ್ನು ಇಲ್ಲಿಂದ ನೋಡಲಾಗದು. ನಡೆಯಿರಿ, ಮತ್ತೆ ತಟ್ಟೆಯ ಅಂಚಿಗೆ.

ವರ್ಷಗಳಲ್ಲಿ ತಟ್ಟೆ ಸುಮ್ಮನೆ ಕೂತಿಲ್ಲ. ದೋಸೆಹಿಟ್ಟಿನಂತೆ ಹರಡುತ್ತ ಹರಡುತ್ತ ಗುರುಗ್ರಹದ ಕಕ್ಷೆಯಷ್ಟು ಅಗಲಕ್ಕೆ ಬಂದಿದೆ. ಅಲ್ಲೊಂದು ಹಳೆಯ ನಿವಾಸಿ ಇತ್ತು, ಇನ್ನೊಂದು ನಕ್ಷತ್ರವೋ ಪುಟ್ಟ ಕಪ್ಪುಕುಳಿಯೋ. ಗುರು 12 ವರ್ಷ ತೆಗೆದುಕೊಳ್ಳುವ ಸುತ್ತನ್ನು ನಾಲ್ಕೇ ದಿನದಲ್ಲಿ ಮುಗಿಸುತ್ತ ಯಾರ ಕಣ್ಣಿಗೂ ಬೀಳದೆ ತಿರುಗುತ್ತಿತ್ತು. ತಟ್ಟೆಗೆ ಓರೆಯಾದ ಕಕ್ಷೆ, ಹಾಗಾಗಿ ಒಂದು ಸುತ್ತಿಗೆ ಎರಡು ಸಲ ಅಡ್ಡ ಹಾಯಬೇಕು. ಈವರೆಗೆ ಅಡ್ಡಕ್ಕೆ ಏನೂ ಇರಲಿಲ್ಲ. ಈಗ ಸತ್ತ ನೆರೆಯವನ ಪಳೆಯುಳಿಕೆ ಹಾಸಿಕೊಂಡಿದೆ. ನಿಕೋಲ್ ತಂಡ 2024ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ವಿವರಣೆ ಇದೇ ಧಾಟಿಯದು.

ಬಂತು. ಸೆಕೆಂಡಿಗೆ 13,000 ಕಿಲೋಮೀಟರ್ ವೇಗ. ತಟ್ಟೆಯ ಕೆಳಗಿನಿಂದ ತೂರಿ ಮೇಲೆದ್ದಾಗ ನಿಮಗೆ ಸದ್ದು ಕೇಳಿಸುವುದಿಲ್ಲ. ಎರಡೂ ಮೈಯಿಂದ ಅನಿಲದ ಗುಳ್ಳೆ ಉಬ್ಬುತ್ತದೆ, ಹತ್ತು ಲಕ್ಷ ಡಿಗ್ರಿ ಕಾದದ್ದು. ಉಬ್ಬಿ, ತೆಳುವಾಗಿ, ಒಳಗಿದ್ದ ಎಕ್ಸ್-ರೇಯನ್ನೆಲ್ಲ ಒಮ್ಮೆಗೇ ಬಿಟ್ಟುಕೊಡುತ್ತದೆ. ಎಂಟು ಹತ್ತು ಗಂಟೆ ಈ ಉರಿ. ಆಮೇಲೆ ಬಣ್ಣ ಇಳಿಯುತ್ತದೆ, ತೂತು ಬಿದ್ದಲ್ಲಿ ಅಕ್ಕಪಕ್ಕದ ಅನಿಲ ಜರುಗಿ ಬಂದು ಕೂಡಿಕೊಳ್ಳುತ್ತದೆ, ತಟ್ಟೆ ಮೊದಲಿನಂತೆ ನಯವಾಗಿ ತಿರುಗುತ್ತದೆ.

ಅದು ಮೇಲಕ್ಕೆ ಹೋಗಿ, ಬಾಗಿ, ಆಚೆ ಬದಿಯಿಂದ ಇಳಿಯಲು ಹೊರಟಿದೆ. ಇನ್ನು 38 ಗಂಟೆ.